ಸಹಾಯ ಬೇಕು: ‘ಇಕ್ಲೆಪ್ಟ್’ ಪದಕ್ಕೆ ಕನ್ನಡದಲ್ಲಿ ಏನು ಹಾಕೋದು?

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಹಾಸ್ಯಬರಹವೊಂದರ ಅನುವಾದದಲ್ಲಿ ‘ಇಕ್ಲೆಪ್ಟ್’ ಪದ ತೊಡಕಾಗಿದೆ. ಅರ್ಥ ಸರಳ: ‘ಎಂದು ಕರೆಯಲಾದ’, ‘ಎಂಬ ಹೆಸರಿನ’. ಬರೆಯುವಾಗ ವೈ ಅಕ್ಷರದಿಂದ ಶುರು, ಉಚ್ಚಾರ ಮಾತ್ರ ‘ಇ’. ಹಳೆಯ ಇಂಗ್ಲಿಷಿನ ಕೃದಂತಗಳ (‘ಕರೆದ’, ‘ಮಾಡಿದ’ ಥರದ ಕ್ರಿಯಾರೂಪಗಳ) ಮುಂದೆ ಸೇರುತ್ತಿದ್ದ ‘ಗೆ’ ಸವೆದು ಈ ‘ಇ’ ಆಗಿದೆ. ಜರ್ಮನ್‌ನಲ್ಲಿ ‘ಗೆ’ ಇಂದಿಗೂ ಇದೆ. ಅಂದಹಾಗೆ, ಕದಿಯುವ ಗೀಳಾದ ಕ್ಲೆಪ್ಟೋಮೇನಿಯಾಕ್ಕೂ ಇದಕ್ಕೂ ನಂಟಿಲ್ಲ. ಅದು ‘ಕಳ್ಳ’ ಎಂಬರ್ಥದ ಗ್ರೀಕ್ ಪದದಿಂದ ಬಂದದ್ದು.

1645ರಲ್ಲಿ ಅಚ್ಚಾದ ಇಂಗ್ಲಿಷ್ ಕವಿ ಮಿಲ್ಟನ್‌ನ ‘ಲಾಲೆಗ್ರೋ’ ಕವಿತೆಯಲ್ಲಿ ದೇವತೆಯ ಹೆಸರು ಹೇಳಲು ಈ ಪದ ಬರುತ್ತದೆ, ಅಲ್ಲಿಗೆ ‘ಎಂಬ’ ಸಾಕು. ಆಮೇಲಿನವರು ಬಳಸಿದ್ದು ಹೆಚ್ಚಾಗಿ ಲೇವಡಿಗೆ: ‘ಬಡಕಲು ನಾಯಿ, ಇಕ್ಲೆಪ್ಟ್ ಹರ್ಕ್ಯುಲಿಸ್’ ಅನ್ನೋ ಧಾಟಿ. ನಗು ಸಿಡಿಯುವುದು ಕೊನೆಗೆ ಬರುವ ಮಹಾಬಲಶಾಲಿಯ ಹೆಸರಿನಲ್ಲಿ. ‘ಹರ್ಕ್ಯುಲಿಸ್ ಎಂಬ ಬಡಕಲು ನಾಯಿ’ ಅಂದರೆ ಹೆಸರು ಮೊದಲೇ ಬಂದು ಗುಟ್ಟು ರಟ್ಟು, ಹಳೆತನದ ಠೀವಿಯೂ ಇಲ್ಲ. ‘ನಾಮಾಂಕಿತ’ ಉದ್ಘಾಟನೆಯ ಕಲ್ಲಿನಂತೆ ಕೇಳಿಸುತ್ತದೆ. ‘ಬಡಕಲು ನಾಯಿ, ನಾಮಧೇಯ ಹರ್ಕ್ಯುಲಿಸ್’ ಅಂದರೆ ಪದಕ್ರಮವಾದರೂ ಉಳಿಯುತ್ತದೆ.

ಹಳಗನ್ನಡ ಬಲ್ಲವರು ಹೇಳಿ: ‘ಪೆಸರ್’ ಬಳಸಿ ಇದೇ ಕ್ರಮದಲ್ಲಿ ಕಟ್ಟಬಹುದಾ? ಅಡಿಟಿಪ್ಪಣಿ ಇಲ್ಲದೆ ಇಂದಿನ ಓದುಗರಿಗೆ ತಟ್ಟಬೇಕು.