ಸಿಂಗಪುರದಿಂದ ನ್ಯೂಯಾರ್ಕ್: ಆರೂವರೆ ಗಂಟೆ ಹೇಗೆ ಸಾಧ್ಯ?

ಕಿಟಕಿಸೀಟು:
ಜುಲೈನಲ್ಲಿ ಅಮ್ಮನನ್ನು ಕರೆದುಕೊಂಡು ಸಿಂಗಪುರದಿಂದ ನ್ಯೂಯಾರ್ಕಿಗೆ ಹೋಗುತ್ತಿದ್ದೇನೆ. ನಡುವೆ ಎಲ್ಲೂ ಇಳಿಯದ ವಿಮಾನ. ರಾತ್ರಿ 12ಕ್ಕೆ ಹೊರಟು ಬೆಳಗ್ಗೆ 6.30ಕ್ಕೆ ತಲುಪುತ್ತದೆ ಎಂದು ಟಿಕೆಟ್‌ನಲ್ಲಿದೆ. ಅಮ್ಮ ಅದನ್ನೇ ನೋಡಿ "ಆರೂವರೆ ಗಂಟೆ ತಾನೇ, ಒಂದು ನಿದ್ದೆ" ಎಂದು ನೆಮ್ಮದಿಯಾಗಿದ್ದಾಳೆ. ನಾನು ಇನ್ನೂ ಬಾಯಿ ಬಿಟ್ಟಿಲ್ಲ.

ದೂರ ಹುಡುಕಿದರೆ ಒಂದು ಕಡೆ 15,349, ಇನ್ನೊಂದು ಕಡೆ 9,537, ಮತ್ತೊಂದು ಕಡೆ 8,288. ಯಾವುದನ್ನು ನಂಬಲಿ? ಗಂಟೆಗೆ 900 ಕಿ.ಮೀ. ಅಂತ ಇಟ್ಟುಕೊಂಡರೆ 17 ಗಂಟೆ ಬರುತ್ತದೆ. ಅಮ್ಮನಿಗೆ 12 ಗಂಟೆಗೊಂದು ಮಾತ್ರೆ ಇದೆ. ಅದಕ್ಕೇ ಸರಿಯಾದ ಲೆಕ್ಕ ಬೇಕು.

ಹಳೇನಕ್ಷೆ:
ಮೂರೂ ಸರಿ. ಮೊದಲನೆಯದು ಕಿ.ಮೀ., ಎರಡನೆಯದು ಮೈಲಿ, ಮೂರನೆಯದು ನಾಟಿಕಲ್ ಮೈಲಿ. ಪೈಲಟ್‌ಗಳ ಲೆಕ್ಕ ನಾಟಿಕಲ್ ಮೈಲಿಯದು. ಒಂದಕ್ಕೆ 1.852 ಕಿ.ಮೀ.

ಜುಲೈನಲ್ಲಿ ನ್ಯೂಯಾರ್ಕ್ ಗಡಿಯಾರ ಸಿಂಗಪುರಕ್ಕಿಂತ 12 ಗಂಟೆ ಹಿಂದೆ. ಅಮ್ಮನ ಆರೂವರೆಗೆ ಅದನ್ನು ಸೇರಿಸಿ. ಹದಿನೆಂಟೂವರೆ! (ಚಳಿಗಾಲವಾಗಿದ್ದರೆ 13 ಸೇರಿಸಬೇಕಿತ್ತು.)

ನಿಮ್ಮ 17 ಯಾಕೆ ತಪ್ಪಿತು ಅನ್ನುವುದೇ ಮಜಾ. ಗ್ಲೋಬ್ ಇದ್ದರೆ ಎರಡೂ ಊರಿಗೆ ದಾರ ಎಳೆದು ನೋಡಿ. ಇವೆರಡೂ ಭೂಮಿಯ ಹೆಚ್ಚುಕಡಿಮೆ ಎದುರುಬದುರು ಪಕ್ಕದಲ್ಲಿವೆ. ಹಾಗಾಗಿ ದಾರ ಉತ್ತರ ಧ್ರುವದ ಹತ್ತಿರವೇ ಹಾದುಹೋಗುತ್ತದೆ. 15,349 ಅಂದರೆ ಆ ದಾರದ ಉದ್ದ. ವಿಮಾನ ಆ ದಾರದ ಮೇಲೆ ಹೋಗಲೇಬೇಕು ಅಂತಿಲ್ಲ. ಸಾಮಾನ್ಯವಾಗಿ ಪೆಸಿಫಿಕ್ ಸಾಗರದ ಮೇಲೆ ಬಳಸಿ ಹೋಗುತ್ತದೆ. ಅಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಗಾಳಿ ಬೆನ್ನಿಗೆ ಸಿಗುತ್ತದೆ. ದೂರ ಜಾಸ್ತಿಯಾದರೂ ಇಂಧನ ಉಳಿಯುತ್ತದೆ. ಇದರ ಮೇಲೆ ರನ್‌ವೇಗೆ ಉರುಳುವುದು, ಏರುವುದು, ಇಳಿಯುವುದು. ಟಿಕೆಟ್‌ನ ಸಮಯ ಗೇಟಿನಿಂದ ಗೇಟಿಗೆ, ಅಲ್ವಾ?

ಮಾತ್ರೆಗೆ ಒಂದು ಕೈಗಡಿಯಾರವನ್ನು ಸಿಂಗಪುರದ ಸಮಯಕ್ಕೇ ಬಿಡಿ. ಮಾತ್ರೆ ಕೈಚೀಲದಲ್ಲೇ ಇರಲಿ. ಅಲ್ಲಿಳಿದ ಮೇಲೆ ಹೊತ್ತು ಬದಲಿಸಬೇಕಾ ಅಂತ ಡಾಕ್ಟರನ್ನು ಮೊದಲೇ ಕೇಳಿ.

ನಿದ್ದೆಗೇಡಿ:
ಇದೇ ದಾರಿಯಲ್ಲಿ ಎರಡು ಸಲ ಹೋಗಿದ್ದೇನೆ. ಗಂಟೆಗೊಮ್ಮೆ ಎಬ್ಬಿಸಿ ನಡೆಸಿ, ಕಾಲು ಊದುತ್ತದೆ. ವಾಪಸ್ ಬರುವಾಗ ಜೋಪಾನ. ಸೋಮವಾರ ರಾತ್ರಿ ಹತ್ತೂವರೆಗೆ ಹೊರಟರೆ ಇಳಿಯುವುದು ಬುಧವಾರ ಬೆಳಗ್ಗೆ. ಮಂಗಳವಾರ ಆಕಾಶದಲ್ಲೇ ಮುಗಿದಿರುತ್ತದೆ. ಕರೆದುಕೊಂಡು ಹೋಗಲು ಬರುವವರಿಗೆ ತಾರೀಖು ಎರಡು ಸಲ ಹೇಳಿ. ನಮ್ಮವರು ಒಂದು ದಿನ ಮೊದಲೇ ಬಂದು ಕಾದಿದ್ದರು.

ಕಿಟಕಿಸೀಟು:
ಎಲ್ಲ ಓದಿ ಅಮ್ಮನಿಗೆ ಹೇಳಿದೆ. ಹದಿನೆಂಟೂವರೆಗೆ ಬೇಜಾರಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಹಾಗಾದರೆ ಮಂಗಳವಾರದ ಮಾತ್ರೆ ನುಂಗುವುದಾ ಬೇಡವಾ?"