ಜಾವಾ ಕಲಿಕೆ: ಅಡಿಕೆ ಲೆಕ್ಕದಲ್ಲಿ ಅರ್ಧ ಕಿಲೋ ಎಲ್ಲಿ ಹೋಯಿತು?

ಚಾಲಿಚೀಲ (ಪೆರ್ಲ):
ನಮಸ್ಕಾರ. ಜಾವಾ ಕಲಿಯಲು ಶುರು ಮಾಡಿ ಮೂರು ವಾರ ಆಯಿತು. ಶಾಲೆಯಲ್ಲಿ ಪೈಥಾನ್ ಸ್ವಲ್ಪ ಮಾಡಿದ್ದೆ, ಅಲ್ಲಿ ಈ ಟೈಪಿನ (ಯಾವ ಹೆಸರಿನಲ್ಲಿ ಯಾವ ಬಗೆಯ ಸಂಖ್ಯೆ ಅಂತ ಮೊದಲೇ ಹೇಳುವ) ಕಾಟ ಇರಲಿಲ್ಲ. ಅಭ್ಯಾಸಕ್ಕೆ ಅಂತ ಅಪ್ಪನ ಅಡಿಕೆ ಲೆಕ್ಕ ಹಿಡಿದುಕೊಂಡೆ. ಬದಿಯಡ್ಕಕ್ಕೆ ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರಲು ಕೊಂಡುಹೋಗುವ ಮೊದಲು ಎಷ್ಟು ಬರಬಹುದು ಅಂತ ಮನೆಯಲ್ಲೇ ನೋಡುವ ಪ್ರೋಗ್ರಾಂ. ಫೋನಿನಿಂದ ಬರೆಯುತ್ತಿದ್ದೇನೆ, ಕೀವರ್ಡುಗಳನ್ನೂ ಕನ್ನಡದಲ್ಲೇ ಹಾಕಿದ್ದೇನೆ, ಸುಧಾರಿಸಿಕೊಳ್ಳಿ. ಇಂಟ್ ಅಂದರೆ ಪೂರ್ಣಾಂಕ, ಡಬಲ್ ಅಂದರೆ ದಶಮಾಂಶ ಇರುವ ಸಂಖ್ಯೆ.

ಡಬಲ್ ತೂಕ = 12.5;
ಇಂಟ್ ದರ = 400;
ಇಂಟ್ ಮೊತ್ತ = ತೂಕ * ದರ;

ಮೂರನೇ ಸಾಲಿಗೆ "ಇನ್‌ಕಂಪ್ಯಾಟಿಬಲ್ ಟೈಪ್ಸ್: ಪಾಸಿಬಲ್ ಲಾಸಿ ಕನ್ವರ್ಶನ್ ಫ್ರಮ್ ಡಬಲ್ ಟು ಇಂಟ್" ಅಂತ ಎರರ್ ಬಂತು. ಒಂದು ವಿಡಿಯೋ ನೋಡಿ, ಅದರಲ್ಲಿ ಹೇಳಿದ ಹಾಗೆ ಮುಂದೆ (ಇಂಟ್) ಅಂತ ಸೇರಿಸಿದೆ. ಎರರ್ ಹೋಯಿತು. ಆದರೆ ಉತ್ತರ 4800! ಅಪ್ಪ ಬಾಯಿಲೆಕ್ಕದಲ್ಲೇ 5000 ಅಂದರು. ಮನೆಯಲ್ಲಿ ಮಾನ ಹೋಯಿತು.

ಅರ್ಧವಿರಾಮ (ಕುಂಬಳೆ):
ಕೂಡಿಸಿ ನೋಡುವುದೇ ಬೇಡ, (ಇಂಟ್) ತೂಕ * ದರ ಅಂತ ಬರೆದಿರುತ್ತೀರಿ, ಅಲ್ವಾ? ಆ ಕಾಸ್ಟ್ (ಟೈಪ್ ಬದಲಿಸುವ ಗುರುತು) ಪಕ್ಕದ ತೂಕಕ್ಕೆ ಮಾತ್ರ ಅಂಟಿಕೊಳ್ಳುತ್ತದೆ. 12.5 ಮೊದಲು 12 ಆಯಿತು, ಆಮೇಲೆ 400ರಿಂದ ಗುಣಿಸಿತು. ಅರ್ಧ ಕಿಲೋ ಹೋದದ್ದು ಅಲ್ಲೇ. ತಕ್ಕಡಿಗೆ ಇಡುವ ಮೊದಲೇ ಚೀಲದಿಂದ ಅಡಿಕೆ ತೆಗೆದ ಹಾಗೆ. (ಇಂಟ್)(ತೂಕ * ದರ) ಅಂತ ಬರೆದರೆ 5000 ಬರುತ್ತದೆ.

ಆದರೆ ಅದು ಪರಿಹಾರ ಅಂತ ನಾನು ಹೇಳುವುದಿಲ್ಲ. ಎರರ್ ಇನ್ನೊಮ್ಮೆ ಓದಿ. "ಏನೋ ಕಳೆದುಹೋಗಬಹುದು" ಅಂತಲೇ ಅದು ಹೇಳಿದ್ದು. ನೀವು ಅದರ ಬಾಯಿ ಮುಚ್ಚಿಸಿದಿರಿ, ಅದು ಹೇಳಿದ್ದೇ ನಡೆಯಿತು. ಇಂಟ್‌ನಿಂದ ಡಬಲ್‌ಗೆ ಹೋಗುವಾಗ ಜಾವಾ ಏನೂ ಕೇಳುವುದಿಲ್ಲ. ವಾಪಸ್ ಬರುವಾಗ ಮಾತ್ರ ಕೇಳುತ್ತದೆ.

ಚಾಲಿಚೀಲ:
ಹಾಗಾದರೆ ಎಲ್ಲವನ್ನೂ ಡಬಲ್ ಮಾಡಿಬಿಡಲಾ? ನಮ್ಮಲ್ಲಿ ಡಬಲ್ ಅಂದರೆ ಡಬಲ್ ಚೋಲ್ (ಹಳೆಯ ದಾಸ್ತಾನಿನ ಚಾಲಿ), ಅದಕ್ಕೆ ರೇಟೂ ಜಾಸ್ತಿ 😀

ಚಂದ್ರಗಿರಿಹೊಳೆ:
ಹಣದ ಲೆಕ್ಕಕ್ಕೆ ಡಬಲ್ ಬೇಡ. 0.1 + 0.2 ಪ್ರಿಂಟ್ ಮಾಡಿ ನೋಡಿ, 0.30000000000000004 ಬರುತ್ತದೆ. ಒಳಗೆ ಎಲ್ಲ ಬೈನರಿ (ಬರೀ ಸೊನ್ನೆ, ಒಂದರ ಲೆಕ್ಕ), ಹತ್ತನೇ ಒಂದು ಭಾಗ ಅದರಲ್ಲಿ ಸರಿಯಾಗಿ ಕೂರುವುದಿಲ್ಲ. ತೂಕವನ್ನು ಗ್ರಾಮಿನಲ್ಲಿ ಇಡಿ, ದರವನ್ನು ಪೈಸೆಯಲ್ಲಿ ಇಡಿ. ಎರಡೂ ಪೂರ್ಣಾಂಕ. ಗುಣಿಸಿ 1000ದಿಂದ ಭಾಗಿಸಿದರೆ ಮೊತ್ತ ಪೈಸೆಯಲ್ಲಿ ಸಿಗುತ್ತದೆ.

ಇನ್ನೊಂದು ಮಾತು. ಪೈಥಾನಿನಲ್ಲಿ ಟೈಪಿನ ಕಾಟ ಇಲ್ಲ ಅನ್ನುವುದು ತಪ್ಪು. ಅಲ್ಲಿ "12" + 8 ಬರೆದರೆ ಟೈಪ್ ಎರರ್ ಕೊಟ್ಟು ನಿಲ್ಲುತ್ತದೆ. ಓಡಿಸಿದ ಮೇಲೆ ಹೇಳುತ್ತದೆ, ಅಷ್ಟೇ. ಜಾವಾ ಓಡುವ ಮೊದಲೇ ಹೇಳುತ್ತದೆ, ಆದರೆ ಈ ಒಂದು ಕಡೆ ಅದೇ ಸಡಿಲ. "12" + 8 ಅಂದರೆ ಸುಮ್ನೆ ಅಂಟಿಸಿ "128" ಮಾಡುತ್ತದೆ. ನಾವು ಅವಸರ ಅಂದರೆ ಗಡಿಬಿಡಿ, ಪಕ್ಕದ ಮನೆಯ ಮಲಯಾಳದಲ್ಲಿ ಅವಸರಂ ಅಂದರೆ ಅವಕಾಶ. ಪ್ಲಸ್ ಚಿಹ್ನೆಯದ್ದೂ ಅದೇ ಕತೆ, ಅಕ್ಕಪಕ್ಕ ಯಾರಿದ್ದಾರೆ ನೋಡಿ ಅರ್ಥ ಮಾಡಬೇಕು.

ಚಾಲಿಚೀಲ:
ಮಾಡಿದೆ. 12.5 ಕಿಲೋಗೆ ಸರಿಯಾಗಿ 5,00,000 ಪೈಸೆ ಬಂತು. ಖುಷಿಯಲ್ಲಿ ಅಪ್ಪನನ್ನು ಕರೆದು 60 ಕಿಲೋ ಹಾಕಿದೆ. 24,000 ರೂಪಾಯಿ ಬರಬೇಕು. ಬಂದದ್ದು ಮೈನಸ್ 18,94,967 ಪೈಸೆ. ಅಡಿಕೆಯೂ ಕೊಟ್ಟು, ಮೇಲೆ 18,949 ರೂಪಾಯಿ ನಾವೇ ಕೊಡಬೇಕಂತೆ! ಈ ಸಲ ಎರರ್ ಕೂಡ ಇಲ್ಲ. ಮೊತ್ತವನ್ನು ಲಾಂಗ್ (ಇಂಟ್‌ಗಿಂತ ದೊಡ್ಡ ಪೂರ್ಣಾಂಕ ಹಿಡಿಯುವ ಟೈಪ್) ಅಂತಲೇ ಇಟ್ಟಿದ್ದೇನೆ.

ಅರ್ಧವಿರಾಮ:
ಗ್ರಾಮ್, ಪೈಸೆ ಎರಡನ್ನೂ ಇಂಟ್ ಇಟ್ಟಿದ್ದೀರಿ. 60000 * 40000 ಅಂದರೆ 240 ಕೋಟಿ. ಇಂಟ್‌ನ ಮಿತಿ 2147483647, ಅಂದರೆ 214 ಕೋಟಿ ಚಿಲ್ಲರೆ. ಎಡಗಡೆ ಲಾಂಗ್ ಇದ್ದರೆ ಪ್ರಯೋಜನ ಇಲ್ಲ. ಬಲಗಡೆ ಇಂಟ್ ಇಂಟ್ ಗುಣಿಸಿದಾಗಲೇ ಉಕ್ಕಿ ಮೈನಸ್ಸಿಗೆ ತಿರುಗಿತು, ಲಾಂಗ್‌ಗೆ ಹೋದದ್ದು ಆ ಕೆಟ್ಟ ಸಂಖ್ಯೆ. ದೊಡ್ಡ ಕೊಡ ಇಟ್ಟು ಲೋಟದಲ್ಲಿ ಹಿಡಿದ ಹಾಗೆ. ಗ್ರಾಮ್, ಪೈಸೆಗಳನ್ನೇ ಲಾಂಗ್ ಮಾಡಿ. ಅನುಮಾನ ಇದ್ದಲ್ಲಿ ಮ್ಯಾತ್ ಕ್ಲಾಸಿನ ಮಲ್ಟಿಪ್ಲೈ ಎಕ್ಸಾಕ್ಟ್ ಬಳಸಿ, ಉಕ್ಕಿದರೆ ಅದು ಎಕ್ಸೆಪ್ಶನ್ ಎಸೆಯುತ್ತದೆ, ಅಂದರೆ ತಪ್ಪಾಯಿತು ಅಂತ ಹೇಳಿ ನಿಲ್ಲುತ್ತದೆ.

ಟೈಪ್ ಸರಿ ಇದೆ ಅಂದ ಮಾತ್ರಕ್ಕೆ ಕಂಪೈಲರ್ (ಓಡಿಸುವ ಮೊದಲು ಕೋಡ್ ಓದಿ ಅನುವಾದಿಸುವ ಪ್ರೋಗ್ರಾಂ) ನಿಮ್ಮ ಗುಣಾಕಾರ ನೋಡುವುದಿಲ್ಲ. ನಾನೂ ಇದೇ ಹೊಂಡಕ್ಕೆ ಬಿದ್ದವನು.

ಚಂದ್ರಗಿರಿಹೊಳೆ:
ವಿಷಯ ಬಿಟ್ಟು ಒಂದು ತಮಾಷೆ. ತೂಕ, ಮೊತ್ತ ಅಂತ ಕನ್ನಡದಲ್ಲೇ ಹೆಸರಿಟ್ಟದ್ದು ಚೆಂದ. ಜಾವಾ ಒಪ್ಪುತ್ತದೆ. ನಾನು ಗೋ ಭಾಷೆಯಲ್ಲಿ ಹಾಗೆ ಮಾಡಲು ಹೋದೆ. ದರ ನಡೆಯಿತು, ತೂಕ ನಡೆಯಲಿಲ್ಲ! ಅದಕ್ಕೆ ಬರೀ ಅಕ್ಷರ ಆಗುತ್ತದೆ, ಕೊಂಬು ಆಗುವುದಿಲ್ಲ.

ಚಾಲಿಚೀಲ:
ಲಾಂಗ್ ಮಾಡಿದ ಮೇಲೆ 24 ಲಕ್ಷ ಪೈಸೆ ಸರಿಯಾಗಿ ಬಂತು. ಕೊನೆಯ ಪ್ರಶ್ನೆ. ಅಪ್ಪ ಫೋನಿನಲ್ಲೂ ಕನ್ನಡ ಅಂಕಿ ಒತ್ತುತ್ತಾರೆ. ೬೦ ಅಂತ ಕೊಟ್ಟರೆ ನಡೆಯುತ್ತದೆ, ೧೨.೫ ಕೊಟ್ಟರೆ ನಂಬರ್ ಫಾರ್ಮ್ಯಾಟ್ ಎಕ್ಸೆಪ್ಶನ್. ಯಾಕೆ?

ಅರ್ಧವಿರಾಮ:
ಪೂರ್ಣಾಂಕ ಓದುವ ಪಾರ್ಸ್ ಇಂಟ್, ಪಾರ್ಸ್ ಲಾಂಗ್ ಎರಡಕ್ಕೂ ಕನ್ನಡ ಅಂಕಿ ಗೊತ್ತು, ಆದರೆ ಚುಕ್ಕಿ ಗೊತ್ತಿಲ್ಲ. ಪಾರ್ಸ್ ಡಬಲ್‌ಗೆ ಚುಕ್ಕಿ ಗೊತ್ತು, ಕನ್ನಡ ಅಂಕಿ ಗೊತ್ತಿಲ್ಲ. ಹೇಗೂ ಗ್ರಾಮಿಗೆ ಬಂದಿದ್ದೀರಲ್ಲ, ೧೨೫೦೦ ಅಂತ ಕೊಡಲು ಹೇಳಿ.

ಚಾಲಿಚೀಲ:
ಹೇಳಿದೆ. "ಅಡಿಕೆಯನ್ನು ಗ್ರಾಮಿನಲ್ಲಿ ತೂಗುವುದು ಚಿನ್ನದ ಅಂಗಡಿಯವರು" ಅಂದರು. ಕಿಲೋಗೆ ಒಂದು ಪೆಟ್ಟಿಗೆ, ಗ್ರಾಮಿಗೆ ಒಂದು ಪೆಟ್ಟಿಗೆ ಇಟ್ಟು ಒಳಗೆ ನಾನೇ ಕೂಡಿಸುತ್ತಿದ್ದೇನೆ. ಈಗ ೧೨ ಒಂದರಲ್ಲಿ, ೫೦೦ ಇನ್ನೊಂದರಲ್ಲಿ ಒತ್ತುತ್ತಾರೆ. ಉತ್ತರ ಬಂದ ಮೇಲೂ ಬಾಯಿಲೆಕ್ಕ ಮಾಡಿ ತಾಳೆ ನೋಡುತ್ತಾರೆ.