ಕಟ್ಟಿದ ದೋಣಿಯೂ ತಿರುಗುತ್ತೆ, ಸ್ಕೆಚ್ ಮುಗಿಸುವುದು ಹೇಗೆ?

ಪ್ರಶ್ನೆ:
ಊರೂರು ತಿರುಗುತ್ತಾ ದಡದಲ್ಲಿ ಕೂತು ದೋಣಿಗಳ ಸ್ಕೆಚ್ ಮಾಡುತ್ತೇನೆ. ಹಗ್ಗ ಕಟ್ಟಿದ್ದರೂ ದೋಣಿ ಸುಮ್ನೆ ನಿಲ್ಲುವುದಿಲ್ಲ. ಮೂತಿ ಬರೆಯುವಷ್ಟರಲ್ಲಿ ಹಿಂಭಾಗ ಬೇರೆ ಕಡೆ ತಿರುಗಿರುತ್ತದೆ. ನಿನ್ನೆ ಐದು ಹಾಳೆ ಅರ್ಧಕ್ಕೇ ನಿಂತವು. ಫೋಟೋ ನೋಡಿ ಬರೆಯಲು ಮನಸ್ಸಿಲ್ಲ.

ಉತ್ತರ 1:
ಇಂಗ್ಲಿಷ್ 8 ಅಂಕಿಯನ್ನು ಅಡ್ಡ ಮಲಗಿಸಿ, ಎಳೆದು ಉದ್ದ ಮಾಡಿ. ದೋಣಿಯ ಮೇಲಂಚಿನ ಬಾಗು ಸಿಕ್ಕಿಬಿಡುತ್ತದೆ. ಕೆಳಗೆ ನೀರಿನ ಗೆರೆ ಹಾಕಿ. ಹಲಗೆ, ಹುಟ್ಟು ಎಲ್ಲ ಆಮೇಲೆ.

ಉತ್ತರ 2:
ಅರ್ಧ ಹಾಳೆ ಬಿಸಾಡಬೇಡಿ! ತಿರುಗಿದ ದೋಣಿ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ನಾನು ಒಂದೇ ಹಾಳೆಯಲ್ಲಿ ಮೂರು ಭಂಗಿ ಶುರು ಮಾಡಿ, ಯಾವುದು ಮರಳಿ ಬಂತೋ ಅದಕ್ಕೆ ಎರಡು ಗೆರೆ ಸೇರಿಸುತ್ತೇನೆ. ಇಂಗ್ಲೆಂಡಿನ ಚಿತ್ರಕಾರ ಟರ್ನರ್ ಕೂಡ 1819ರಲ್ಲಿ ವೆನಿಸ್‌ಗೆ ಹೋದಾಗ ಪುಟ್ಟ ಪುಸ್ತಕಗಳಲ್ಲಿ ಬರೀ ಪೆನ್ಸಿಲ್‌ನಿಂದಲೇ ಜಾಸ್ತಿ ಬರೆದದ್ದು. ಇನ್ನೊಂದು ಮಾತು. ನೀರಲ್ಲಿ ಕಾಣುವ ಪ್ರತಿಬಿಂಬವನ್ನು ದೋಣಿ ಅಳೆದು ನಕಲು ಮಾಡಬೇಡಿ, ನೀರನ್ನೇ ನೋಡಿ. ಕೂವೆ (ಹಾಯಿ ಕಟ್ಟುವ ಕಂಬ) ನಮ್ಮ ಕಡೆ ವಾಲಿದ್ದರೆ ನೀರಲ್ಲಿ ಅದು ಉದ್ದ ಕಾಣುತ್ತದೆ, ಆಚೆ ವಾಲಿದ್ದರೆ ಗಿಡ್ಡ.

ಪ್ರಶ್ನೆ ಕೇಳಿದವರು:
ಕೂವೆಯ ವಿಷಯ ಗಮನಿಸಿಯೇ ಇರಲಿಲ್ಲ! ಆ ಐದು ಹಾಳೆ ಇನ್ನೂ ಚೀಲದಲ್ಲಿವೆ. ಬೆಳಿಗ್ಗೆ ಅದೇ ದಡಕ್ಕೆ ಹೋಗುತ್ತೇನೆ.